ಮೇಲ್ ಕಳುಹಿಸುವ ಸರ್ವರ್ ಯಾವಾಗ ಗುರುತು ಕೇಳುತ್ತದೆ, ಯಾವಾಗ ಕೇಳುವುದಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಕಚೇರಿಗಳಿಗೆ ಮೇಲ್ ವ್ಯವಸ್ಥೆ ಮಾಡಿಕೊಡುವ ಕೆಲಸದಲ್ಲಿರುವ ನನಗೆ ಫೋನಿನಲ್ಲಿ, ಪತ್ರಗಳಲ್ಲಿ, ಕಚೇರಿಯ ಚಹಾದ ಹೊತ್ತಿನಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ. ಮೊದಲ ಭಾಗ ಮೇಲ್ ಬಳಸುವ ಎಲ್ಲರಿಗೂ, ಕೊನೆಯ ಭಾಗ ಸರ್ವರ್ ನಡೆಸುವವರಿಗೆ.

## ಮೊದಲು ತಿಳಿಯಬೇಕಾದದ್ದು

ಮೇಲ್ ಬರ್ತಾ ಇದೆ, ಆದ್ರೆ ಹೋಗ್ತಾ ಇಲ್ಲ. ಪಾಸ್‌ವರ್ಡ್ ತಪ್ಪಿದ್ರೆ ಎರಡೂ ನಿಲ್ಲಬೇಕಿತ್ತಲ್ವಾ?

ನಿಲ್ಲಬೇಕೆಂದೇನೂ ಇಲ್ಲ. ಒಂದೇ ಆ್ಯಪ್‌ನೊಳಗೆ ನಡೆಯುವುದರಿಂದ ಮೇಲ್ ಪಡೆಯುವುದೂ ಕಳುಹಿಸುವುದೂ ಒಂದೇ ಕೆಲಸವೆಂದು ತೋರುತ್ತದೆ. ಆದರೆ ಪೆಟ್ಟಿಗೆಗೆ ಬಂದು ಬಿದ್ದದ್ದನ್ನು ಓದಿಸುವ ಸರ್ವರ್ ಐಮ್ಯಾಪ್ ಅಥವಾ ಪಾಪ್ ಎಂಬ ನಿಯಮದಂತೆ ನಡೆಯುತ್ತದೆ, ಹೊರಗೆ ಕಳುಹಿಸುವ ಸರ್ವರ್ ಎಸ್‌ಎಂಟಿಪಿ ಎಂಬ ಬೇರೆಯೇ ನಿಯಮದಂತೆ ನಡೆಯುತ್ತದೆ. ಎರಡಕ್ಕೂ ವಿಳಾಸ ಬೇರೆ, ಪೋರ್ಟ್ (ಸರ್ವರ್‌ನ ಬಾಗಿಲಿನ ಸಂಖ್ಯೆ) ಬೇರೆ, ಲಾಗಿನ್ ಕೂಡ ಬೇರೆ ಬೇರೆಯಾಗಿಯೇ ನಡೆಯುತ್ತದೆ. ಆ್ಯಪ್ ಎರಡೂ ಕಡೆ ಒಂದೇ ಪಾಸ್‌ವರ್ಡ್ ಕೊಡುವುದು ನಮ್ಮ ಅನುಕೂಲಕ್ಕಾಗಿ ಮಾತ್ರ. ಆದ್ದರಿಂದ ಬರುವ ಮೇಲ್ ಸರಿಯಾಗಿದ್ದು ಹೋಗುವುದು ಮಾತ್ರ ನಿಂತಿದ್ದರೆ ಇಡೀ ಖಾತೆಯನ್ನು ಅಳಿಸಿ ಮತ್ತೆ ಸೇರಿಸುವ ಗೋಜಿಗೆ ಹೋಗದೆ ಹೊರಹೋಗುವ ಸರ್ವರ್‌ನ ಸೆಟ್ಟಿಂಗ್ ಒಂದನ್ನೇ ತೆರೆದು ನೋಡುವುದು ಒಳ್ಳೆಯದು. ಅಳಿಸುವಾಗ ಪಾಪ್ ಮೂಲಕ ಇಳಿಸಿಕೊಂಡ ಹಳೆಯ ಮೇಲ್‌ಗಳನ್ನೂ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

"ನನ್ನ ಹೊರಹೋಗುವ ಸರ್ವರ್‌ಗೆ ದೃಢೀಕರಣ ಬೇಕು" ಅಂತ ಒಂದು ಚೌಕ ಇದೆಯಲ್ಲ, ಅದಕ್ಕೆ ಟಿಕ್ ಹಾಕಬೇಕಾ ಬೇಡವಾ?

ಹಾಕಬೇಕು. ದೃಢೀಕರಣ ಎಂದರೆ ಹೆಸರು, ಪಾಸ್‌ವರ್ಡ್ ಕೊಟ್ಟು ಗುರುತು ಹೇಳುವುದು. ಇಂದು ಮನುಷ್ಯರು ಬಳಸುವ ಮೇಲ್ ಆ್ಯಪ್‌ಗಳ ಮಟ್ಟಿಗೆ ಇದಕ್ಕೆ ಅಪವಾದವೇ ಇಲ್ಲ ಎನ್ನಬಹುದು. ಹಳೆಯ ಔಟ್‌ಲುಕ್‌ನಲ್ಲಿ ಈ ಚೌಕ ಖಾಲಿಯಾಗಿಯೇ ಇರುತ್ತಿತ್ತು; ಅದು ರೂಪುಗೊಂಡ ಕಾಲದಲ್ಲಿ ಗುರುತು ಕೇಳದ ಸರ್ವರ್‌ಗಳು ಸಾಮಾನ್ಯವಾಗಿದ್ದವು. ಟಿಕ್ ಹಾಕಿದ ಮೇಲೆ ಕೆಳಗೆ ತೆರೆದುಕೊಳ್ಳುವ ಆಯ್ಕೆಗಳಲ್ಲಿ "ಒಳಬರುವ ಸರ್ವರ್‌ಗೆ ಬಳಸಿದ ವಿವರವನ್ನೇ ಬಳಸು" ಎಂಬುದು ಹೆಚ್ಚಿನವರಿಗೆ ಸರಿಹೋಗುತ್ತದೆ. ಮೇಲ್ ಪಡೆಯುವುದು ಒಂದು ಸಂಸ್ಥೆಯಿಂದ, ಕಳುಹಿಸುವುದು ಇನ್ನೊಂದು ಸೇವೆಯ ಮೂಲಕ ಎಂಬ ಏರ್ಪಾಡು ಇದ್ದಾಗ ಮಾತ್ರ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ತುಂಬಬೇಕಾಗುತ್ತದೆ.

ನಾನು ಪಾಸ್‌ವರ್ಡ್ ಕೊಡದೆ ಮೇಲ್ ಹೋಗಲ್ಲ. ಹಾಗಿದ್ರೆ ಯಾರೋ ಗೊತ್ತಿಲ್ಲದವರು ನನ್ನ ಸರ್ವರ್‌ಗೆ ಪಾಸ್‌ವರ್ಡ್ ಇಲ್ಲದೆ ಹೇಗೆ ಮೇಲ್ ಕಳಿಸ್ತಾರೆ?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಮೇಲ್ ಸರ್ವರ್ ಮಾಡುವ ಕೆಲಸಗಳು ಎರಡು. ತನ್ನ ಡೊಮೈನ್‌ನಲ್ಲಿ (ಮೇಲ್ ವಿಳಾಸದ @ ಗುರುತಿನ ನಂತರದ ಹೆಸರು) ಪೆಟ್ಟಿಗೆ ಇರುವವರಿಗೆ ಹೊರಗಿನಿಂದ ಬಂದ ಮೇಲ್ ಸ್ವೀಕರಿಸುವುದು ಒಂದು. ತನ್ನ ಬಳಕೆದಾರರು ಹೊರಗಿನವರಿಗೆ ಬರೆದ ಮೇಲನ್ನು ಒಯ್ದು ಮುಟ್ಟಿಸುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ರಿಲೇ ಎನ್ನುತ್ತಾರೆ.

ಹಳೆಯ ವಠಾರವನ್ನು ನೆನೆಸಿಕೊಳ್ಳಿ. ಬಾಗಿಲಲ್ಲಿ ಕುಳಿತ ಮನೆಮಾಲೀಕರ ಕೈಗೆ ಯಾರು ಬೇಕಾದರೂ ಬಂದು "ಮೂರನೇ ಮನೆಯವರಿಗೆ ಕೊಡಿ" ಎಂದು ಪತ್ರ ಕೊಟ್ಟು ಹೋಗಬಹುದು. ತಂದವರು ಯಾರೆಂದು ಅವರು ವಿಚಾರಿಸಲಾರರು, ವಿಚಾರಿಸತೊಡಗಿದರೆ ವಠಾರದವರಿಗೆ ಪತ್ರಗಳೇ ಬರಲಾರವು. ಆದರೆ ಅದೇ ಅಪರಿಚಿತ ಮನುಷ್ಯ ಇನ್ನೂರು ಪತ್ರಗಳ ಕಟ್ಟನ್ನು ಮುಂದಿಟ್ಟು "ಇವನ್ನು ನಿಮ್ಮ ವಠಾರದ ಹೆಸರಿನಲ್ಲಿ ಧಾರವಾಡದಲ್ಲೆಲ್ಲ ಹಂಚಿಬನ್ನಿ" ಎಂದರೆ "ನೀನು ಯಾರಪ್ಪ?" ಎಂಬ ಮಾತು ತಾನಾಗಿ ಬರುತ್ತದೆ.

ಸರ್ವರ್ ನೋಡುವುದೂ ಇದನ್ನೇ. ಪತ್ರ ಸೇರಬೇಕಾದ ವಿಳಾಸ ತನ್ನದೇ ಡೊಮೈನ್‌ನದಾದರೆ ಕಳುಹಿಸುವವರ ಪಾಸ್‌ವರ್ಡ್ ಕೇಳುವುದಿಲ್ಲ. ಕೇಳಲು ಸಾಧ್ಯವೂ ಇಲ್ಲ, ಏಕೆಂದರೆ ಜಗತ್ತಿನ ಎಲ್ಲ ಸರ್ವರ್‌ಗಳಿಗೂ ತನ್ನಲ್ಲಿ ಖಾತೆ ತೆರೆದುಕೊಡಲು ಅದಕ್ಕೆ ಆಗದು. ವಿಳಾಸ ಬೇರೆ ಡೊಮೈನ್‌ನದಾದರೆ ಕೇಳುತ್ತದೆ. ಹೀಗಾಗಿ "ಈ ಸರ್ವರ್‌ಗೆ ದೃಢೀಕರಣ ಬೇಕೇ?" ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವಿಲ್ಲ. ಯಾರ ಪರವಾಗಿ, ಯಾರಿಗೆ, ಯಾವ ಬಾಗಿಲಿನಿಂದ ಎಂಬುದರ ಮೇಲೆ ಒಂದೇ ಸರ್ವರ್ ಎರಡು ಬಗೆಯಾಗಿ ನಡೆದುಕೊಳ್ಳುತ್ತದೆ. ಕೆಳಗಿನ ಹೆಚ್ಚಿನ ತೊಡಕುಗಳು ಈ ಭೇದವನ್ನು ಮರೆತದ್ದರಿಂದ ಹುಟ್ಟಿದವು.

ಮೊದಲೆಲ್ಲ ಪಾಸ್‌ವರ್ಡ್ ಇಲ್ಲದೆ ಹೋಗ್ತಿತ್ತು. ಯಾವಾಗಿನಿಂದ ಈ ಕಾಟ ಶುರುವಾಯ್ತು?

ಜಾನ್ ಪೋಸ್ಟೆಲ್ 1982ರಲ್ಲಿ ಎಸ್‌ಎಂಟಿಪಿಯನ್ನು ಇಂಟರ್‌ನೆಟ್ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಸರಣಿಯ 821ನೇ ದಾಖಲೆಯಲ್ಲಿ ವಿವರಿಸಿದಾಗ ಅದರಲ್ಲಿ ಬಳಕೆದಾರರ ಗುರುತು ಕೇಳುವ ಆಜ್ಞೆಯೇ ಇರಲಿಲ್ಲ. ಆಗಿನ ಜಾಲದಲ್ಲಿದ್ದವು ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾಲಯಗಳು. ಯಾರ ಮೇಲನ್ನಾದರೂ ಸರಿ, ಮುಂದಿನ ಊರಿಗೆ ದಾಟಿಸಿಕೊಡುವುದು ಸೌಜನ್ಯವೆನಿಸಿತ್ತು. ಹೀಗೆ ಎಲ್ಲರಿಗೂ ತೆರೆದಿದ್ದ ಸರ್ವರ್‌ಗಳನ್ನು ತೊಂಬತ್ತರ ದಶಕದಲ್ಲಿ ಸ್ಪಾಮ್ ಕಳುಹಿಸುವವರು ಹಿಡಿದುಕೊಂಡರು. ಒಂದು ಪ್ರತಿಯನ್ನೂ ಸಾವಿರ ವಿಳಾಸಗಳನ್ನೂ ಪರರ ಸರ್ವರ್‌ಗೆ ಒಪ್ಪಿಸಿದರೆ ಹಂಚುವ ಖರ್ಚೂ ಕೆಟ್ಟ ಹೆಸರೂ ಆ ಸರ್ವರ್‌ನ ಪಾಲಿಗೆ ಬೀಳುತ್ತಿದ್ದವು.

ತಿರುವು ಬಂದದ್ದು 1998ರ ಸುಮಾರಿಗೆ. ಆ ವರ್ಷ ಹೊರಬಂದ, ಸೆಂಡ್‌ಮೇಲ್ ಎಂಬ ಮೇಲ್ ಸರ್ವರ್ ತಂತ್ರಾಂಶದ 8.9 ಆವೃತ್ತಿ, ಹೊರಗಿನವರ ರಿಲೇಯನ್ನು ತಾನಾಗಿಯೇ ಮುಚ್ಚಿಟ್ಟಿತು. ಅದೇ ಡಿಸೆಂಬರಿನ ಆರ್‌ಎಫ್‌ಸಿ 2476, ಬಳಕೆದಾರರು ಮೇಲ್ ಒಪ್ಪಿಸಲು 587 ಎಂಬ ಪ್ರತ್ಯೇಕ ಬಾಗಿಲನ್ನು ಗೊತ್ತುಮಾಡಿತು. 1999ರ ಮಾರ್ಚ್‌ನ ಆರ್‌ಎಫ್‌ಸಿ 2554, ಎಸ್‌ಎಂಟಿಪಿಗೆ ಮೊದಲ ಬಾರಿಗೆ ದೃಢೀಕರಣದ ಆಜ್ಞೆಯನ್ನು ಸೇರಿಸಿತು. ಈಗ ಚಾಲ್ತಿಯಲ್ಲಿರುವುದು ಅದರ 2007ರ ಪರಿಷ್ಕರಣೆಯಾದ ಆರ್‌ಎಫ್‌ಸಿ 4954. ಒಪ್ಪಿಸುವ ಬಾಗಿಲಿನಲ್ಲಿ ಗುರುತು ಕೇಳುವುದನ್ನು 1998ರ ಪಠ್ಯ ಇಚ್ಛೆಗೆ ಬಿಟ್ಟಿತ್ತು. 2006ರ ಪರಿಷ್ಕರಣೆ ಅದನ್ನು ಕಡ್ಡಾಯದ ಮಾತಿನಲ್ಲಿ ಬರೆಯಿತು.

ನಡುವೆ ಒಂದು ಅಡ್ಡದಾರಿಯೂ ಇತ್ತು. ಮೊದಲು ಮೇಲ್ ಓದಲು ಪಾಪ್ ಮೂಲಕ ಲಾಗಿನ್ ಆದರೆ ಅದೇ ಐಪಿ ವಿಳಾಸದಿಂದ (ಜಾಲದಲ್ಲಿ ಆ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಮುಂದಿನ ಹತ್ತಿಪ್ಪತ್ತು ನಿಮಿಷ ಕಳುಹಿಸಲು ಅವಕಾಶ ಸಿಗುತ್ತಿತ್ತು. "ಮೊದಲು ರಿಸೀವ್ ಒತ್ತಿ, ಆಮೇಲೆ ಸೆಂಡ್ ಒತ್ತಿ" ಎಂದು ಹಿರಿಯ ಸಹೋದ್ಯೋಗಿಗಳು ಹೇಳಿಕೊಡುತ್ತಿದ್ದುದರ ಗುಟ್ಟು ಇದೇ. ಸೈಬರ್ ಕೆಫೆಯಲ್ಲಿ ಹತ್ತು ಕಂಪ್ಯೂಟರ್‌ಗಳು ಒಂದೇ ಐಪಿ ಹಂಚಿಕೊಂಡಿದ್ದರೆ ಒಬ್ಬರು ಲಾಗಿನ್ ಆದೊಡನೆ ಉಳಿದ ಒಂಬತ್ತು ಮಂದಿಗೂ ಬಾಗಿಲು ತೆರೆಯುತ್ತಿತ್ತು ಎಂಬುದು ಅದರ ದೋಷ.

25, 465, 587: ಇದರಲ್ಲಿ ಯಾವುದನ್ನ ಹಾಕಬೇಕು?

ಬಳಕೆದಾರರ ಆ್ಯಪ್‌ಗೆ 465 ಅಥವಾ 587. ಒಂದು ಸರ್ವರ್ ಇನ್ನೊಂದು ಸರ್ವರ್‌ಗೆ ಮೇಲ್ ದಾಟಿಸುವ ಬಾಗಿಲು 25. ಅಲ್ಲಿ ಸಾಮಾನ್ಯವಾಗಿ ಗುರುತು ಕೇಳುವುದಿಲ್ಲ, ಅದಕ್ಕಾಗಿಯೇ ಅಲ್ಲಿಂದ ಹೊರಗಿನ ವಿಳಾಸಕ್ಕೆ ರಿಲೇಯೂ ಸಿಗುವುದಿಲ್ಲ. 465ರಲ್ಲಿ ಸಂಪರ್ಕ ಆರಂಭವಾಗುವುದೇ ಟಿಎಲ್‌ಎಸ್ ಗೂಢಲಿಪಿಯಲ್ಲಿ. 587ರಲ್ಲಿ ಮಾತು ತೆರೆದ ಪಠ್ಯದಲ್ಲಿ ಶುರುವಾಗಿ ಸ್ಟಾರ್ಟ್‌ಟಿಎಲ್‌ಎಸ್ ಆಜ್ಞೆಯ ನಂತರ ಗೂಢಲಿಪಿಗೆ ತಿರುಗುತ್ತದೆ. 465ಕ್ಕೆ 1997ರಲ್ಲಿ ಸಿಕ್ಕಿದ್ದ ಅಧಿಕೃತ ಸ್ಥಾನ ಸ್ವಲ್ಪ ಕಾಲದಲ್ಲೇ ರದ್ದಾಗಿತ್ತು. ಆದರೂ ಬಳಕೆ ನಿಲ್ಲಲಿಲ್ಲ, ಕೊನೆಗೆ 2018ರ ಆರ್‌ಎಫ್‌ಸಿ 8314 ಅದನ್ನೇ ಮೇಲ್ ಒಪ್ಪಿಸುವ ಬಾಗಿಲೆಂದು ಮಾನ್ಯ ಮಾಡಿತು. ಎರಡೂ ಸಿಗುವ ಕಡೆ ನಾನು 465 ಹಾಕುತ್ತೇನೆ.

## ದಿನನಿತ್ಯದ ತೊಡಕುಗಳು

ಆಫೀಸಲ್ಲಿ ಕೂತ್ರೆ ಮೇಲ್ ಹೋಗುತ್ತೆ, ಅದೇ ಲ್ಯಾಪ್‌ಟಾಪ್ ಮನೆಗೆ ತಂದ್ರೆ ಹೋಗಲ್ಲ. ಯಾಕೆ?

ಹೆಚ್ಚಾಗಿ ಕಾರಣ ಎರಡರಲ್ಲೊಂದು. ಮೊದಲನೆಯದು, ನಿಮ್ಮ ಕಚೇರಿಯ ಸರ್ವರ್ ಪಾಸ್‌ವರ್ಡ್ ಕೇಳುವ ಬದಲು ಕಚೇರಿಯ ಐಪಿ ವಿಳಾಸಗಳನ್ನೇ ಗುರುತಾಗಿ ಒಪ್ಪಿಕೊಂಡಿರುತ್ತದೆ. ಕಟ್ಟಡದ ಒಳಗಿರುವವರೆಲ್ಲ ನಮ್ಮವರು ಎಂಬ ಲೆಕ್ಕ. ಮನೆಯ ಇಂಟರ್‌ನೆಟ್‌ನಿಂದ ಅದೇ ಲ್ಯಾಪ್‌ಟಾಪ್ ಮಾತಾಡಿಸಿದಾಗ ಸರ್ವರ್‌ಗೆ ಕಾಣುವುದು ಅಪರಿಚಿತ ವಿಳಾಸ. ಆಗ ಅದು ಗುರುತು ಕೇಳುತ್ತದೆ, ಆದರೆ ಆ್ಯಪ್‌ನಲ್ಲಿ ದೃಢೀಕರಣದ ಟಿಕ್ ಎಂದೂ ಹಾಕಿರುವುದಿಲ್ಲ. ಕಚೇರಿಯಲ್ಲಿ ಅದರ ಅಗತ್ಯ ಬಿದ್ದೇ ಇಲ್ಲವಾದ್ದರಿಂದ ಅದು ಇಲ್ಲವೆಂಬುದು ಯಾರಿಗೂ ತಿಳಿದಿರುವುದಿಲ್ಲ.

ಎರಡನೆಯದು ಪೋರ್ಟ್ 25. ವೈರಸ್ ಹೊಕ್ಕ ಮನೆಯ ಕಂಪ್ಯೂಟರ್‌ಗಳು ನೇರವಾಗಿ ಜಗತ್ತಿಗೆಲ್ಲ ಸ್ಪಾಮ್ ಹಂಚುವುದನ್ನು ತಡೆಯಲು ಅನೇಕ ಇಂಟರ್‌ನೆಟ್ ಸೇವಾದಾರರು ಮನೆಯ ಸಂಪರ್ಕಗಳಿಂದ ಹೊರಗಿನ 25ನೇ ಪೋರ್ಟ್‌ಗೆ ಹೋಗುವ ದಾರಿಯನ್ನೇ ಮುಚ್ಚಿರುತ್ತಾರೆ. ಇವೆರಡನ್ನು ಬೇರ್ಪಡಿಸುವುದು ಸುಲಭ. ಸರ್ವರ್ ಏನಾದರೊಂದು ಸಂಖ್ಯೆಯೊಡನೆ ನಿರಾಕರಿಸಿದರೆ ಅದು ದೃಢೀಕರಣದ ಸಮಸ್ಯೆ. ಉತ್ತರವೇ ಬಾರದೆ ಸಮಯ ಮೀರಿತು ಎಂದು ಬಂದರೆ ಪೋರ್ಟ್ ಮುಚ್ಚಿದೆ ಎಂದರ್ಥ. ಪರಿಹಾರ ಮಾತ್ರ ಎರಡಕ್ಕೂ ಒಂದೇ: 465 ಅಥವಾ 587 ಹಾಕಿ, ದೃಢೀಕರಣಕ್ಕೆ ಟಿಕ್ ಹಾಕಿ. ಆ ಮೇಲೆ ಮನೆ, ಕಚೇರಿ, ರೈಲು ಎಲ್ಲಿದ್ದರೂ ಸೆಟ್ಟಿಂಗ್ ಬದಲಿಸಬೇಕಾಗಿಲ್ಲ.

ಬಳಕೆದಾರ ಹೆಸರು ಅಂದ್ರೆ ಪೂರ್ತಿ ಮೇಲ್ ವಿಳಾಸವೋ, ಅದರ ಮೊದಲರ್ಧವೋ?

ಒಂದೇ ಸರ್ವರ್‌ನಲ್ಲಿ ಹಲವು ಡೊಮೈನ್‌ಗಳಿರುವ ಸೇವೆಗಳಲ್ಲಿ ಪೂರ್ತಿ ವಿಳಾಸವೇ ಬೇಕು. ಸಂಸ್ಥೆಯೊಳಗಿನ ಹಳೆಯ ಸರ್ವರ್‌ಗಳಲ್ಲಿ ಮೊದಲರ್ಧವಷ್ಟೇ ನಡೆಯುವುದುಂಟು. ಪೂರ್ತಿಯಾದದ್ದನ್ನು ಮೊದಲು ಪ್ರಯತ್ನಿಸಿ.

"ಸುರಕ್ಷಿತ ಪಾಸ್‌ವರ್ಡ್ ದೃಢೀಕರಣ" ಅನ್ನೋದನ್ನೂ ಆನ್ ಮಾಡಿದೆ, ಸುರಕ್ಷಿತ ಅಂದಮೇಲೆ ಒಳ್ಳೇದೇ ಅಲ್ವಾ?

ಹೆಸರು ದಾರಿ ತಪ್ಪಿಸುತ್ತದೆ. ಔಟ್‌ಲುಕ್‌ನ ಆ ಚೌಕ ಮೈಕ್ರೋಸಾಫ್ಟ್‌ನ ಎನ್‌ಟಿಎಲ್‌ಎಂ ಪದ್ಧತಿಗೆ ಸಂಬಂಧಿಸಿದ್ದು. ಸರ್ವರ್ ಅದನ್ನು ಬೆಂಬಲಿಸದಿದ್ದರೆ ಲಾಗಿನ್ ಸೋಲುತ್ತದೆ. ನಿಮ್ಮ ಸಂಸ್ಥೆಯ ನಿರ್ವಾಹಕರು ಹೇಳದ ಹೊರತು ಟಿಕ್ ತೆಗೆದಿಡಿ. ಪಾಸ್‌ವರ್ಡನ್ನು ದಾರಿಯಲ್ಲಿ ಕಾಯುವ ಕೆಲಸ ಟಿಎಲ್‌ಎಸ್‌ನದು.

530 ಬರುತ್ತೆ, ಒಮ್ಮೊಮ್ಮೆ 535, ಒಮ್ಮೊಮ್ಮೆ 554. ಎಲ್ಲಾ ಒಂದೇ ತಾನೇ?

ಒಂದೇ ಅಲ್ಲ, ಈ ಸಂಖ್ಯೆಯನ್ನು ಓದಿ ಹೇಳಿದರೆ ನಿಮ್ಮ ನಿರ್ವಾಹಕರ ಅರ್ಧ ಕೆಲಸ ಮುಗಿಯುತ್ತದೆ. 530 ಎಂದರೆ "ಗುರುತು ಹೇಳದೆ ಮುಂದೆ ಹೋಗುವಂತಿಲ್ಲ". ಅಂದರೆ ಆ್ಯಪ್ ಪಾಸ್‌ವರ್ಡನ್ನು ಕೊಡಲೇ ಇಲ್ಲ. 535 ಎಂದರೆ ಕೊಟ್ಟಿತು, ಸರ್ವರ್ ಒಪ್ಪಲಿಲ್ಲ. 534 ಎಂದರೆ ನೀವು ಬಳಸಿದ ವಿಧಾನ ದುರ್ಬಲ, ಬೇರೆ ವಿಧಾನ ಬೇಕು. ಜಿಮೇಲ್ ಆ್ಯಪ್ ಪಾಸ್‌ವರ್ಡ್ ಕೇಳುವುದು ಈ ಸಂಖ್ಯೆಯೊಡನೆ. 538 ಎಂದರೆ ಮೊದಲು ಗೂಢಲಿಪಿಗೆ ಬನ್ನಿ, ಆಮೇಲೆ ಪಾಸ್‌ವರ್ಡ್. ಇನ್ನು 550 ಅಥವಾ 554ರ ಜೊತೆಗೆ ರಿಲೇ ಎಂಬ ಪದ ಕಂಡರೆ ನೀವು ಗುರುತು ಹೇಳದೆ ಹೊರಗಿನ ವಿಳಾಸಕ್ಕೆ ಕಳುಹಿಸಲು ಹೊರಟಿದ್ದೀರಿ. ರಿಲೇ ಎಂಬ ಪದವಿಲ್ಲದ 550ಕ್ಕೆ ಬೇರೆ ನೂರು ಕಾರಣಗಳಿರಬಹುದು, ಪಡೆಯುವವರ ವಿಳಾಸವೇ ಇಲ್ಲದಿರುವುದೂ ಅದರಲ್ಲೊಂದು. ಆದ್ದರಿಂದ ಸಂಖ್ಯೆಯ ಮುಂದಿನ ವಾಕ್ಯವನ್ನೂ ಬಿಡದೆ ಓದಬೇಕು.

ಬ್ರೌಸರ್‌ನಲ್ಲಿ ಅದೇ ಪಾಸ್‌ವರ್ಡ್ ಹಾಕಿದ್ರೆ ಒಳಗೆ ಹೋಗುತ್ತೆ, ಆ್ಯಪ್‌ನಲ್ಲಿ ಹಾಕಿದ್ರೆ 535. ನಿನ್ನೆವರೆಗೂ ಸರಿಯಿತ್ತು!

ಖಾತೆಯ ಪಾಸ್‌ವರ್ಡನ್ನೇ ನೇರವಾಗಿ ಎಸ್‌ಎಂಟಿಪಿಗೆ ಕೊಡುವ ಪದ್ಧತಿಯನ್ನು ದೊಡ್ಡ ಸೇವೆಗಳು ಒಂದೊಂದಾಗಿ ನಿಲ್ಲಿಸುತ್ತ ಬಂದಿವೆ. ಗೂಗಲ್ ವೈಯಕ್ತಿಕ ಖಾತೆಗಳಲ್ಲಿ ಇದನ್ನು 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ಔಟ್‌ಲುಕ್ ಡಾಟ್ ಕಾಮ್ ಖಾತೆಗಳಲ್ಲಿ 2024ರ ಸೆಪ್ಟೆಂಬರ್ 16ರಿಂದ. ಬ್ರೌಸರ್‌ನಲ್ಲಿ ಲಾಗಿನ್ ಆಗುವಾಗ ಫೋನಿಗೆ ಬರುವ ಎರಡನೇ ಹಂತದ ಪ್ರಶ್ನೆಯನ್ನು ಎಸ್‌ಎಂಟಿಪಿಯ ಹೆಸರು-ಪಾಸ್‌ವರ್ಡ್ ಸಂಭಾಷಣೆಯೊಳಗೆ ತೂರಿಸಲು ಜಾಗವೇ ಇಲ್ಲ. ಹೀಗಾಗಿ ಕದ್ದ ಪಾಸ್‌ವರ್ಡ್ ಇದ್ದವರಿಗೆ ಅದು ಹಿತ್ತಿಲ ಬಾಗಿಲಾಗಿತ್ತು.

ಈಗಿರುವ ದಾರಿಗಳು ಎರಡು. ಆ್ಯಪ್ ಹೊಸದಾದರೆ ಓಆತ್ ಪದ್ಧತಿ ಇರುತ್ತದೆ: ಬ್ರೌಸರ್ ಪುಟವೊಂದು ತೆರೆದು, ನೀವು ಅಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಆ್ಯಪ್‌ಗೆ ಸೀಮಿತ ಅಧಿಕಾರದ ಟೋಕನ್ ಸಿಗುತ್ತದೆ. ಆ್ಯಪ್ ಹಳೆಯದಾದರೆ ಜಿಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ, ಹದಿನಾರು ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನು ತುಂಬಬೇಕು. ಇನ್ನೊಂದು ಮಾತು: ನೀವು ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದೊಡನೆ ಗೂಗಲ್ ಹಿಂದಿನ ಆ್ಯಪ್ ಪಾಸ್‌ವರ್ಡ್‌ಗಳನ್ನೆಲ್ಲ ರದ್ದು ಮಾಡುತ್ತದೆ. "ನಿನ್ನೆವರೆಗೂ ಸರಿಯಿತ್ತು" ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಸ್ಕ್ಯಾನರ್‌ನಿಂದ ನಮ್ಮ ಸಿಬ್ಬಂದಿಗೆ ಮೇಲ್ ಹೋಗುತ್ತೆ, ಹೊರಗಿನವರಿಗೆ ಹೋಗಲ್ಲ. ಮಷೀನ್ ಕೆಟ್ಟಿದೆಯಾ?

ಮಷೀನ್ ಸರಿಯಾಗಿದೆ. ಒಂದು ಸಹಕಾರ ಸಂಘದ ಕಚೇರಿಯಲ್ಲಿ ಇದೇ ಪ್ರಶ್ನೆಗೆ ಎರಡು ಮಧ್ಯಾಹ್ನ ಕಳೆದವನು ನಾನು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜೆರಾಕ್ಸ್ ಮಾಡುವ ಯಂತ್ರವೇ ಸ್ಕ್ಯಾನ್ ಮಾಡಿ ಮೇಲ್ ಕಳುಹಿಸುತ್ತಿತ್ತು. ಕಾರ್ಯದರ್ಶಿಯವರ ಕಚೇರಿ ವಿಳಾಸಕ್ಕೆ ಹೋಗುತ್ತಿತ್ತು. ಲೆಕ್ಕಪರಿಶೋಧಕರ ಜಿಮೇಲ್ ವಿಳಾಸಕ್ಕೆ ಹೋಗುತ್ತಿರಲಿಲ್ಲ. ಮೊದಲ ದಿನ ನಾನು ಕೇಬಲ್, ರೂಟರ್ ಎಂದು ನೆಟ್‌ವರ್ಕ್ ಹಿಂದೆ ಬಿದ್ದೆ, ಅದು ನನ್ನ ತಪ್ಪು. ಎರಡನೇ ದಿನ ಯಂತ್ರದ ಪುಟ್ಟ ಪರದೆಯಲ್ಲಿ ಬೆರಳಿನಿಂದ ಸೆಟ್ಟಿಂಗ್‌ಗೆ ಇಳಿದಾಗ ಕಂಡದ್ದು: ಸರ್ವರ್ ಎಂಬಲ್ಲಿ ಸಂಘದ ಡೊಮೈನ್‌ನ ಎಂಎಕ್ಸ್ ವಿಳಾಸ (ಹೊರಗಿನ ಮೇಲ್ ಬಂದು ಸೇರುವ ಸರ್ವರ್‌ನ ವಿಳಾಸ), ಪೋರ್ಟ್ 25, ದೃಢೀಕರಣ "ಇಲ್ಲ". ಅಂದರೆ ಯಂತ್ರ ಬಳಕೆದಾರನಂತೆ ಮೇಲನ್ನು ಒಪ್ಪಿಸುತ್ತಿರಲಿಲ್ಲ. ಹೊರಗಿನ ಅಪರಿಚಿತ ಸರ್ವರ್‌ನಂತೆ ಸಂಘದ ಬಾಗಿಲಿಗೇ ಬಂದು ಪತ್ರ ಹಾಕುತ್ತಿತ್ತು. ಒಳಗಿನವರಿಗೆ ಬಂದದ್ದನ್ನು ಸರ್ವರ್ ತೆಗೆದುಕೊಂಡಿತು, ಜಿಮೇಲ್‌ಗೆ ಒಯ್ಯೆಂದಾಗ ಒಲ್ಲೆನೆಂದಿತು.

ಸ್ಕ್ಯಾನರ್‌ಗೆಂದೇ ಒಂದು ಮೇಲ್ ಖಾತೆ ತೆರೆದು, ಒಪ್ಪಿಸುವ ಸರ್ವರ್‌ನ ವಿಳಾಸ, ಪೋರ್ಟ್ 587, ಆ ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ತುಂಬಿದ ಮೇಲೆ ಸರಿಹೋಯಿತು. ಕಾರ್ಯದರ್ಶಿಯವರ ಸ್ವಂತ ಪಾಸ್‌ವರ್ಡನ್ನು ಯಂತ್ರದಲ್ಲಿ ಇಡಬಾರದೇ ಎಂದು ಅವರೇ ಕೇಳಿದರು, ಅದು ಬೇಡ. ಯಂತ್ರ ದುರಸ್ತಿಗೆ ಹೋದಾಗ ಪಾಸ್‌ವರ್ಡೂ ಅದರ ಜೊತೆಗೇ ಹೋಗುತ್ತದೆ. ತೀರ ಹಳೆಯ ಯಂತ್ರಗಳಿಗೆ ಟಿಎಲ್‌ಎಸ್‌ನ ಹಳೆಯ ಆವೃತ್ತಿಗಳಷ್ಟೇ ಗೊತ್ತಿದ್ದು, ಇಂದಿನ ಸರ್ವರ್‌ಗಳು ಅವನ್ನು ಒಪ್ಪದಿದ್ದರೆ ಪಾಸ್‌ವರ್ಡ್ ಹಂತಕ್ಕೆ ಬರುವ ಮೊದಲೇ ಸಂಪರ್ಕ ಕಡಿಯುತ್ತದೆ. ಅಲ್ಲಿ ಕಚೇರಿಯೊಳಗೆ ಒಂದು ಸಣ್ಣ ರಿಲೇ ಸರ್ವರ್ ಇಟ್ಟು, ಸ್ಕ್ಯಾನರ್ ಅದಕ್ಕೆ ಕೊಡುವುದು, ಅದು ಹೊರಗೆ ಸರಿಯಾಗಿ ಲಾಗಿನ್ ಆಗಿ ಕಳುಹಿಸುವುದು ಎಂಬ ಏರ್ಪಾಡು ಮಾಡಬೇಕಾಗುತ್ತದೆ.

## ಸರ್ವರ್ ನಡೆಸುವವರಿಗೆ

ಲಾಗಿನ್ ಆಗೋ ಆ ಕ್ಷಣದಲ್ಲಿ ಎರಡೂ ಕಡೆಯವರು ನಿಜವಾಗಿ ಏನು ಮಾತಾಡ್ಕೊಳ್ತಾರೆ?

ಪೋರ್ಟ್ 587ರ ಸಂಭಾಷಣೆಯನ್ನು ಹತ್ತಿರದಿಂದ ನೋಡೋಣ. ಸಂಪರ್ಕವಾದೊಡನೆ ಸರ್ವರ್ 220 ಎಂದು ಸ್ವಾಗತಿಸುತ್ತದೆ. ಕ್ಲೈಂಟ್ ಇಎಚ್‌ಎಲ್‌ಒ ಎಂದು ತನ್ನ ಯಂತ್ರದ ಹೆಸರು ಹೇಳುತ್ತದೆ. ಇದು ಗುರುತಲ್ಲ, ಬರೀ ನಮಸ್ಕಾರ. ಸರ್ವರ್ 250 ಎಂದು ಆರಂಭವಾಗುವ ಸಾಲುಗಳಲ್ಲಿ ತನಗೆ ಏನೇನು ಬರುತ್ತದೆ ಎಂದು ಪಟ್ಟಿ ಕೊಡುತ್ತದೆ. ಸರಿಯಾಗಿ ಕಟ್ಟಿದ ಸರ್ವರ್ ಆಗಿದ್ದರೆ ಈ ಮೊದಲ ಪಟ್ಟಿಯಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಇರುತ್ತದೆ, ದೃಢೀಕರಣವನ್ನು ಸೂಚಿಸುವ ಆತ್ ಎಂಬ ಸಾಲು ಇರುವುದಿಲ್ಲ. ಪರೀಕ್ಷೆಗೆಂದು ಟೆಲ್‌ನೆಟ್ ಮಾಡಿ (ಆಜ್ಞೆಗಳನ್ನು ಕೈಯಿಂದಲೇ ಟೈಪ್ ಮಾಡಿ) ನೋಡಿದವರು "ನಮ್ಮ ಸರ್ವರ್‌ಗೆ ದೃಢೀಕರಣವೇ ಗೊತ್ತಿಲ್ಲ" ಎಂದು ಗಾಬರಿಯಾಗುವುದು ಇಲ್ಲಿ. ತೆರೆದ ದಾರಿಯಲ್ಲಿ ಪಾಸ್‌ವರ್ಡ್ ಕೇಳಬಾರದೆಂದು ಅದು ಬೇಕೆಂದೇ ಸುಮ್ಮನಿರುತ್ತದೆ. ಟಿಎಲ್‌ಎಸ್ ಆದ ಮೇಲೆ ಕ್ಲೈಂಟ್ ಮತ್ತೊಮ್ಮೆ ಇಎಚ್‌ಎಲ್‌ಒ ಎನ್ನುತ್ತದೆ, ಈ ಬಾರಿಯ ಪಟ್ಟಿಯಲ್ಲಿ ಆತ್ ಪ್ಲೇನ್ ಲಾಗಿನ್ ಎಂಬ ಸಾಲು ಕಾಣಿಸುತ್ತದೆ; ಪ್ಲೇನ್, ಲಾಗಿನ್ ಎಂಬವು ಪಾಸ್‌ವರ್ಡ್ ಒಪ್ಪಿಸುವ ಎರಡು ವಿಧಾನಗಳ ಹೆಸರು.

"ಲಾಗಿನ್" ಎಂಬ ವಿಧಾನವನ್ನು ಆರಿಸಿಕೊಂಡರೆ ಸರ್ವರ್ 334 ಎಂದು ಹೇಳಿ ಅದರ ಮುಂದೆ ಹನ್ನೆರಡು ಅಕ್ಷರಗಳ ಅರ್ಥವಿಲ್ಲದಂತೆ ಕಾಣುವ ಪದವೊಂದನ್ನು ಇಡುತ್ತದೆ. ಅದನ್ನು ಬೇಸ್64 ಎಂಬ ಬರೆಯುವ ಪದ್ಧತಿಯಿಂದ ಬಿಡಿಸಿದರೆ ಬರುವುದು "ಯೂಸರ್‌ನೇಮ್" ಎಂಬ ಇಂಗ್ಲಿಷ್ ಪದ ಮತ್ತು ಒಂದು ವಿವರಣ ಚಿಹ್ನೆ, ಅಷ್ಟೇ. ಕ್ಲೈಂಟ್ ಹೆಸರನ್ನೂ ಹಾಗೆಯೇ ಸುತ್ತಿ ಕೊಡುತ್ತದೆ, ಪಾಸ್‌ವರ್ಡಿಗೂ ಅದೇ ಕ್ರಮ. ಪ್ಲೇನ್ ವಿಧಾನದಲ್ಲಿ ಎರಡೂ ಒಂದೇ ಕಟ್ಟಿನಲ್ಲಿ ಹೋಗುತ್ತವೆ. ಬೇಸ್64 ಬೀಗವಲ್ಲ, ಕಾಗದದ ಪೊಟ್ಟಣ. ಯಾರು ಬೇಕಾದರೂ ಬಿಚ್ಚಬಹುದು, ಆದ್ದರಿಂದಲೇ ಟಿಎಲ್‌ಎಸ್ ಇಲ್ಲದೆ ಈ ಎರಡೂ ವಿಧಾನಗಳು ಬೇಡ. ಒಪ್ಪಿಗೆಯಾದರೆ ಸರ್ವರ್ 235 ಎನ್ನುತ್ತದೆ, ಅಲ್ಲಿಂದ ಮುಂದೆ ಕಳುಹಿಸುವವರ ವಿಳಾಸ, ಪಡೆಯುವವರ ವಿಳಾಸ, ಮೇಲ್.

ಪೋಸ್ಟ್‌ಫಿಕ್ಸ್‌ನಲ್ಲಿ ದೃಢೀಕರಣ ಆನ್ ಮಾಡಿದ್ದೀನಿ, ಆದ್ರೂ ತೆರೆದ ರಿಲೇ ಅಂತ ತಡೆಪಟ್ಟಿಗೆ ಸೇರಿಸಿದ್ದಾರೆ. ಹೇಗೆ?

ದೃಢೀಕರಣವನ್ನು ಆನ್ ಮಾಡುವುದೆಂದರೆ ಗುರುತು ಹೇಳಲು ಅವಕಾಶ ಕೊಟ್ಟಂತಾಯಿತು, ಹೇಳದವರನ್ನು ತಡೆದಂತಾಗಲಿಲ್ಲ. ತಡೆಯುವುದು ರಿಲೇ ನಿಯಮಗಳ ಸಾಲು. ಪೋಸ್ಟ್‌ಫಿಕ್ಸ್ ಎಂಬ ಈ ಮೇಲ್ ಸರ್ವರ್ ತಂತ್ರಾಂಶದಲ್ಲಿ 2.10 ಆವೃತ್ತಿಯಿಂದ ಇದಕ್ಕೆ ಪ್ರತ್ಯೇಕ ಪಟ್ಟಿಯೇ ಇದೆ, ಅದನ್ನು ಎಡದಿಂದ ಬಲಕ್ಕೆ ಓದಬೇಕು: ನಂಬಿದ ಜಾಲದವರಾದರೆ ಬಿಡು, ಲಾಗಿನ್ ಆದವರಾದರೆ ಬಿಡು, ಉಳಿದವರು ನನ್ನದಲ್ಲದ ಡೊಮೈನ್‌ಗೆ ಕಳುಹಿಸಹೊರಟರೆ ತಡೆ. ಮೊದಲು ಹೊಂದಿಕೆಯಾದ ನಿಯಮವೇ ಅಂತಿಮ, ಆದ್ದರಿಂದ ಮೊದಲ ನಿಯಮ ಸಡಿಲವಾದರೆ ಉಳಿದವು ಎಷ್ಟು ಬಿಗಿಯಾಗಿದ್ದರೂ ಪ್ರಯೋಜನವಿಲ್ಲ.

ಸಡಿಲವಾಗುವುದೂ ಅಲ್ಲೇ. ನಂಬಿದ ಜಾಲವೆಂದು ಇಡೀ ನೆರೆಹೊರೆಯ ಐಪಿ ಗುಂಪನ್ನು ಸೇರಿಸಿದರೆ ಬಾಡಿಗೆ ಸರ್ವರ್ ಕೇಂದ್ರದಲ್ಲಿ ಪಕ್ಕದ ಯಂತ್ರದವರೂ ನಿಮ್ಮವರಾಗುತ್ತಾರೆ. ಪೋಸ್ಟ್‌ಫಿಕ್ಸ್ ಮೊದಲೆಲ್ಲ ಹೇಳದೆಯೇ ತನ್ನ ಉಪಜಾಲವನ್ನು ನಂಬುತ್ತಿತ್ತು, 3.0 ಆವೃತ್ತಿಯಿಂದ ತಾನಿರುವ ಯಂತ್ರವನ್ನಷ್ಟೇ ನಂಬುವುದು ಅದರ ಸಹಜ ನಡೆ, ಆದರೆ ಹಳೆಯ ಸಂರಚನೆಯನ್ನು ಹಾಗೇ ಹೊತ್ತು ತಂದವರಿಗೆ ಹಳೆಯ ನಡೆಯೇ ಉಳಿದಿರಬಹುದು. ಇದಕ್ಕಿಂತ ಕಣ್ತಪ್ಪುವುದು, ತಂತ್ರಾಂಶಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಗೂಡುಗಳಲ್ಲಿ ನಡೆಸುವ ಡಾಕರ್‌ನ ಪ್ರಸಂಗ. ಕಂಟೇನರ್‌ನೊಳಗೆ ಮೇಲ್ ಸರ್ವರ್ ಇಟ್ಟಾಗ ಕೆಲವು ಸಂರಚನೆಗಳಲ್ಲಿ ಹೊರಗಿನಿಂದ ಬಂದ ಪ್ರತಿ ಸಂಪರ್ಕವೂ 172.17.0.1 ಎಂಬ ಒಳವಿಳಾಸದಿಂದ ಬಂದಂತೆ ಕಾಣುತ್ತದೆ. ಆ ಒಳಜಾಲವನ್ನು ನಂಬಿದ್ದರೆ ಇಡೀ ಜಗತ್ತೇ ಒಳಮನೆಯವರಾಯಿತು. ಲಾಗ್‌ನಲ್ಲಿ ಎಲ್ಲ ಸಂಪರ್ಕಗಳಿಗೂ ಒಂದೇ ವಿಳಾಸ ಕಂಡರೆ ಅಲ್ಲಿಯೇ ನಿಲ್ಲಿ.

ಪರೀಕ್ಷೆ ಮಾಡುವುದು ಬೇರೆ ಜಾಲದಿಂದ, ಉದಾಹರಣೆಗೆ ಮೊಬೈಲ್ ಡೇಟಾದಿಂದ ಅಥವಾ ಇನ್ನೊಂದು ಸರ್ವರ್‌ನಿಂದ, ಲಾಗಿನ್ ಆಗದೆ, ನಿಮ್ಮದೇ ಇನ್ನೊಂದು ಹೊರಗಿನ ವಿಳಾಸಕ್ಕೆ. ಸರ್ವರ್ ಯಂತ್ರದ ಮೇಲೇ ಕುಳಿತು ಪರೀಕ್ಷಿಸಿದರೆ ಸರ್ವರ್ ನಿಮ್ಮನ್ನು ನಂಬಿಯೇ ನಂಬುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ವೆಬ್‌ಸೈಟೂ ಮೇಲೂ ಒಂದೇ ಯಂತ್ರದಲ್ಲಿದೆ. ಒಳಗಿನಿಂದ ಒಳಗೆ ಕಳಿಸೋಕೂ ಪಾಸ್‌ವರ್ಡ್ ಯಾಕೆ?

ಕಡ್ಡಾಯವಲ್ಲ, 127.0.0.1ರಿಂದ, ಅಂದರೆ ಅದೇ ಯಂತ್ರದ ಒಳಗಿನಿಂದ ಬಂದದ್ದನ್ನು ಹೆಚ್ಚಿನ ಸರ್ವರ್‌ಗಳು ಕೇಳದೆ ಒಪ್ಪುತ್ತವೆ. ಆದರೂ ನನ್ನ ಅಭಿಪ್ರಾಯದಲ್ಲಿ ಕೊಡುವುದೇ ಮೇಲು. ವೆಬ್‌ಸೈಟಿನ ಸಂಪರ್ಕ ಫಾರ್ಮ್‌ನಲ್ಲಿ ರಂಧ್ರವಿದ್ದರೆ ಅದರ ಮೂಲಕ ಹೊರಡುವ ಸ್ಪಾಮ್ ಕೂಡ ಒಳಗಿನಿಂದಲೇ ಬಂದದ್ದು. ಒಂದೇ ಯಂತ್ರದಲ್ಲಿ ಹತ್ತು ವೆಬ್‌ಸೈಟ್‌ಗಳಿದ್ದಾಗ ಪ್ರತಿಯೊಂದಕ್ಕೂ ಬೇರೆ ಖಾತೆ ಕೊಟ್ಟಿದ್ದರೆ ಯಾವುದು ಕೆಟ್ಟಿತೆಂದು ಲಾಗ್ ನೋಡಿದೊಡನೆ ತಿಳಿಯುತ್ತದೆ, ಅದೊಂದನ್ನೇ ಮುಚ್ಚಬಹುದು. ಅಮೆಜಾನ್, ಗೂಗಲ್ ಕ್ಲೌಡ್‌ಗಳಲ್ಲಿ ಯಂತ್ರ ಬಾಡಿಗೆಗೆ ಪಡೆದವರಿಗೆ ಹೊರಗಿನ 25ನೇ ಪೋರ್ಟ್ ಮೊದಲಿಂದಲೇ ಮುಚ್ಚಿರುವುದರಿಂದ ಅವರು ಹೇಗೂ ಹೊರಗಿನ ರಿಲೇ ಸೇವೆಯೊಂದಕ್ಕೆ 465 ಅಥವಾ 587ರಲ್ಲಿ ಲಾಗಿನ್ ಆಗಬೇಕಾಗುತ್ತದೆ.

ಎಲ್ಲರಿಗೂ ಪಾಸ್‌ವರ್ಡ್ ಕಡ್ಡಾಯ ಮಾಡಿದ್ದೀವಿ, ಆದ್ರೂ ನಮ್ಮ ಸರ್ವರ್‌ನಿಂದಲೇ ಸ್ಪಾಮ್ ಹೋಗಿದೆ!

ಹಾಗಾದರೆ ಹೆಚ್ಚಾಗಿ ಯಾರದೋ ಪಾಸ್‌ವರ್ಡ್ ಕಳುವಾಗಿರುತ್ತದೆ. ತೆರೆದ ರಿಲೇಗಳು ಮುಚ್ಚಿದ ಮೇಲೆ ಸ್ಪಾಮ್ ಕಳುಹಿಸುವವರು ಹುಡುಕುವುದು ಪಾಸ್‌ವರ್ಡ್‌ಗಳನ್ನೇ. ತನಿಖೆಗಾಗಿ, ಹೊರಗೆ ಹೋದ ಸ್ಪಾಮ್‌ನ ಒಂದು ಪ್ರತಿ ಪಡೆದು ಅದರ "ರಿಸೀವ್ಡ್" ಶಿರೋಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ನಿಮ್ಮ ಸರ್ವರ್ ಬರೆದ ಸಾಲಿನಲ್ಲಿ ಯಾವ ನಿಯಮದಂತೆ ಮೇಲ್ ಬಂತೆಂದು ಒಂದು ಪದವಿರುತ್ತದೆ. ಇಎಸ್‌ಎಂಟಿಪಿ ಎಂದಷ್ಟೇ ಇದ್ದರೆ ಗುರುತಿಲ್ಲದೆ ಬಂದದ್ದು. ಕೊನೆಗೆ ಎಸ್ ಸೇರಿದ್ದರೆ ಟಿಎಲ್‌ಎಸ್, ಎ ಸೇರಿದ್ದರೆ ದೃಢೀಕರಣ. ಎರಡೂ ಸೇರಿ ಇಎಸ್‌ಎಂಟಿಪಿಎಸ್‌ಎ ಎಂದಿದ್ದರೆ ಗೂಢಲಿಪಿಯಲ್ಲಿ, ಲಾಗಿನ್ ಆಗಿಯೇ ಕಳುಹಿಸಿದ್ದು. ಈ ಬಾಲಾಕ್ಷರಗಳ ಪದ್ಧತಿ 2004ರ ಆರ್‌ಎಫ್‌ಸಿ 3848ರದು. ಆ ಒಂದು ಎ ಅಕ್ಷರ ನಿಮ್ಮ ಹುಡುಕಾಟವನ್ನು ರಿಲೇ ನಿಯಮಗಳಿಂದ ಪಾಸ್‌ವರ್ಡ್‌ಗಳ ಕಡೆಗೆ ತಿರುಗಿಸುತ್ತದೆ.

ಆ ಹೊತ್ತಿನ ಲಾಗ್‌ನಲ್ಲಿ ಲಾಗಿನ್ ಆದವರ ಹೆಸರು ಸಿಗುತ್ತದೆ. ಅವರ ಪಾಸ್‌ವರ್ಡ್ ಬದಲಿಸಿ, ಸರತಿಯಲ್ಲಿ ಉಳಿದ ಸ್ಪಾಮ್ ಅಳಿಸಿ, ಅವರ ಕಂಪ್ಯೂಟರ್ ನೋಡಿ. ಮುಂದಕ್ಕೆ ಒಬ್ಬರು ಗಂಟೆಗೆ ಇಷ್ಟೇ ಕಳುಹಿಸಬಹುದೆಂಬ ಮಿತಿ ಇಡಿ. ವೈಯಕ್ತಿಕ ಜಿಮೇಲ್‌ಗೂ ದಿನಕ್ಕೆ 500ರ ಮಿತಿ ಇದೆ. ನಿಮ್ಮ ಕಚೇರಿಯ ಗುಮಾಸ್ತರಿಗೆ ಅದಕ್ಕಿಂತ ಹೆಚ್ಚು ಬೇಕಾಗಲಾರದು.

ಒಬ್ಬರ ಹೆಸರಲ್ಲಿ ಲಾಗಿನ್ ಆಗಿ ಇನ್ನೊಬ್ಬರ ವಿಳಾಸದಿಂದ ಮೇಲ್ ಕಳಿಸಬಹುದಾ? ದೃಢೀಕರಣ ಅದನ್ನ ತಡೆಯಲ್ವಾ?

ತಾನಾಗಿ ತಡೆಯುವುದಿಲ್ಲ. ಲಾಗಿನ್ ಹೇಳುವುದು ಈ ಸಂಪರ್ಕ ಯಾವ ಖಾತೆಯದೆಂದು. ಮೇಲ್‌ನ ಮೇಲೆ ಬರೆದ "ಇಂದ" ವಿಳಾಸದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಗುಮಾಸ್ತರೊಬ್ಬರು ತಮ್ಮ ಖಾತೆಯಿಂದ ಲಾಗಿನ್ ಆಗಿ ವ್ಯವಸ್ಥಾಪಕರ ವಿಳಾಸ ಹಾಕಿ ಕಳುಹಿಸಿದರೆ, ಬೇರೆ ಏರ್ಪಾಡಿಲ್ಲದ ಸರ್ವರ್ ಅದನ್ನು ಒಯ್ದು ಮುಟ್ಟಿಸುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ ಯಾವ ಖಾತೆಗೆ ಯಾವ ವಿಳಾಸಗಳ ಹಕ್ಕಿದೆ ಎಂಬ ಕೋಷ್ಟಕ ಬರೆದು, ಹೊಂದದ್ದನ್ನು ನಿರಾಕರಿಸುವ ನಿಯಮ ಸೇರಿಸಬೇಕು. ಆಗ 553 ಬರುತ್ತದೆ. ಅದೂ ನೋಡುವುದು ಲಕೋಟೆಯ ಮೇಲಿನ ವಿಳಾಸವನ್ನು, ಅಂದರೆ ಸಂಭಾಷಣೆಯಲ್ಲಿ ಸರ್ವರ್‌ಗೆ ಹೇಳಿದ ಕಳುಹಿಸುವವರ ವಿಳಾಸವನ್ನು. ಒಳಗಿನ ಕಾಗದದ ಶಿರೋನಾಮೆಯಲ್ಲಿರುವುದನ್ನು ಪರೀಕ್ಷಿಸಲು ಇನ್ನೊಂದು ಶೋಧಕ ಬೇಕು.

ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್‌ಗಳನ್ನು ಇದರೊಂದಿಗೆ ಕಲಸಿಕೊಳ್ಳಬಾರದು. ಅವು ಸರ್ವರ್ ಮತ್ತು ಡೊಮೈನ್‌ಗಳ ನಡುವಿನ ಸಾಕ್ಷಿಗಳು. ಪಡೆಯುವ ಕಡೆಯ ಸರ್ವರ್ "ಈ ಡೊಮೈನ್ ಹೆಸರಿನಲ್ಲಿ ಕಳುಹಿಸಲು ಈ ಸರ್ವರ್‌ಗೆ ಅಧಿಕಾರವಿದೆಯೇ" ಎಂದು ನೋಡಲು ಇರುವಂಥವು. 2024ರ ಫೆಬ್ರವರಿಯಿಂದ ಗೂಗಲ್, ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್‌ಗಳನ್ನು ಜಿಮೇಲ್‌ಗೆ ಕಳುಹಿಸುವವರಿಂದ ಮೂರನ್ನೂ ಕೇಳುತ್ತಿದೆ. ಆ ಗುಮಾಸ್ತರ ಮೇಲ್ ಈ ಮೂರು ಪರೀಕ್ಷೆಗಳನ್ನೂ ಸಲೀಸಾಗಿ ಪಾಸು ಮಾಡುತ್ತದೆ, ಏಕೆಂದರೆ ಸರ್ವರೂ ಡೊಮೈನೂ ನಿಮ್ಮವೇ.

ಪಾಸ್‌ವರ್ಡನ್ನ ಕನ್ನಡ ಅಕ್ಷರದಲ್ಲೇ ಇಟ್ರೆ ನಡೆಯುತ್ತಾ? ಯಾರೂ ಊಹಿಸಲಾರರು ಅಂತ.

ನಿಯಮದ ಪ್ರಕಾರ ನಡೆಯಬೇಕು. ಪ್ಲೇನ್ ವಿಧಾನ ಹೆಸರು, ಪಾಸ್‌ವರ್ಡ್ ಎರಡನ್ನೂ ಯುಟಿಎಫ್-8ರಲ್ಲಿ ಒಯ್ಯುತ್ತದೆ, ಅದರಲ್ಲಿ ಕನ್ನಡಕ್ಕೂ ಜಾಗವಿದೆ. ತೊಡಕು ಬೇರೆ ಕಡೆ ಇದೆ. "ಕೋಟೆ" ಎಂಬ ಪದದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಗುರುತು ಎಂಬ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಬೈಟ್‌ಗಳು ಮಾತ್ರ ಬೇರೆ. ಸರ್ವರ್ ಹೋಲಿಸುವುದು ಬೈಟ್‌ಗಳನ್ನು. ಅರ್ಧಾಕ್ಷರ ಬಿಡಿಸಿ ತೋರಿಸಲು ಕೀಲಿಮಣೆ ಸೇರಿಸುವ ಕಣ್ಣಿಗೆ ಕಾಣದ ಸಂಕೇತವೂ ಹೀಗೆಯೇ: "ಪಾಸ್‌ವರ್ಡ್" ಎಂಬಲ್ಲಿ ಒಂದು ಕೀಲಿಮಣೆ ಅದನ್ನು ಹಾಕುತ್ತದೆ, ಇನ್ನೊಂದು ಹಾಕದೆ ಬಿಡುತ್ತದೆ. ಇಂಥವನ್ನು ಹೋಲಿಸುವ ಮೊದಲು ಒಂದೇ ರೂಪಕ್ಕೆ ತರಬೇಕೆಂದು ಸಾಸ್ಲ್‌ಪ್ರೆಪ್ ಎಂಬ ನಿಯಮಾವಳಿ ಹೇಳುತ್ತದೆ. ಅದು ಆ ಕಾಣದ ಸಂಕೇತವನ್ನು ತೆಗೆದುಹಾಕುತ್ತದೆ, ಒಡೆದ ಸ್ವರಚಿಹ್ನೆಗಳನ್ನು ಕೂಡಿಸುತ್ತದೆ. ಆದರೆ ಎಲ್ಲ ಸರ್ವರ್‌ಗಳೂ ಅದನ್ನು ಪಾಲಿಸುವುದಿಲ್ಲ. ಹೀಗಾಗಿ ಫೋನಿನಲ್ಲಿ ನಡೆದ ಪಾಸ್‌ವರ್ಡ್ ಲ್ಯಾಪ್‌ಟಾಪಿನಲ್ಲಿ 535 ಕೊಡಬಹುದು, ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಸರಿಯಾಗಿಯೇ ಬರೆದಿದ್ದರೂ. ಕನ್ನಡವೇ ಬೇಕೆನ್ನುವವರಿಗೆ ನಾನು ಹೇಳುವುದು, ಕನ್ನಡದ ಒಂದು ಸಾಲನ್ನು ಆರಿಸಿಕೊಂಡು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಿಮಗೆ ತೋಚಿದ ಕಾಗುಣಿತದಲ್ಲಿ ಬರೆಯಿರಿ ಎಂದು.